ಹುಂಜಗಳನ್ನು ಏನು ಮಾಡ್ತೀರಿ?

ಮನೆ ಹಿತ್ತಲಲ್ಲಿ ಕೋಳಿ, ಬಾತುಕೋಳಿ ಸಾಕಿದೀನಿ ಅಂದ ಕೂಡಲೇ ಆಫೀಸಿನಲ್ಲಿ ಮೂರು ಪ್ರಶ್ನೆ ಬರುತ್ತವೆ. ಒಂದು, ವಾಸನೆ ಬರಲ್ವಾ? ಎರಡು, ದಿನಕ್ಕೆ ಎಷ್ಟು ಮೊಟ್ಟೆ? ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳ್ತಾರೆ: ಆಮೇಲೆ ಅವನ್ನ ತಿಂತೀರಾ?

ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದು ಕಾಫಿ ಮಷೀನಿನ ಮುಂದೆ ನಿಂತು ಮುಗಿಸುವಂಥದ್ದಲ್ಲ. ಯಾಕಂದ್ರೆ ಅದರ ಹಿಂದೆ ಯಾರೂ ಕೇಳದ ನಾಲ್ಕನೇ ಪ್ರಶ್ನೆಯೊಂದಿದೆ: ಹುಂಜಗಳನ್ನು ಏನು ಮಾಡ್ತೀರಿ? ಈಚೆಗೆ ಊರಾಚೆ ಸೈಟು ತಗೊಂಡು ಮನೆ ಕಟ್ಟಿರೋ ಗೆಳೆಯರು ಒಬ್ಬೊಬ್ಬರಾಗಿ "ನಾವೂ ನಾಲ್ಕು ಕೋಳಿ ಸಾಕೋಣ ಅಂತಿದೀವಿ" ಅಂತ ಫೋನ್ ಮಾಡ್ತಿದಾರೆ. ಅವರಿಗೆಲ್ಲ ಒಂದೇ ಸಲಕ್ಕೆ ಇಲ್ಲಿ ಹೇಳಿಬಿಡ್ತೀನಿ.

ವಾಸನೆಯ ವಿಷಯ ಮೊದಲು. ಗೂಡಿನಲ್ಲಿ ಒಣಗಿದ ಭತ್ತದ ಹೊಟ್ಟು ನಾಲ್ಕು ಇಂಚು ಹಾಸಿ, ವಾರಕ್ಕೆರಡು ಸಲ ಕೆದಕಿ ತಿರುವಿದರೆ ಕೋಳಿ ವಾಸನೆ ಬರಲ್ಲ. ಬಾತು ಬಂದರೆ ಲೆಕ್ಕ ಬೇರೆ. ಮೇವು ನುಂಗೋದಕ್ಕೆ ಪಕ್ಕದಲ್ಲೇ ನೀರಿರಬೇಕು. ಕಣ್ಣು, ಮೂಗಿನ ಹೊಳ್ಳೆ ತೊಳ್ಕೊಳ್ಳೋದಕ್ಕೆ ತಲೆ ಪೂರ್ತಿ ಮುಳುಗುವಷ್ಟು ಆಳವೂ ಇರಬೇಕು. ಶುದ್ಧ ನೀರು ಇಟ್ಟ ಹತ್ತು ನಿಮಿಷಕ್ಕೆ ಅದನ್ನು ಕೆಸರು ಮಾಡಿ, ನೀವೇ ಏನೋ ತಪ್ಪು ಮಾಡಿದ ಹಾಗೆ ನಿಮ್ಮ ಮುಖ ನೋಡ್ತವೆ. ಅದಕ್ಕೇ ಟಬ್ಬನ್ನು ಬಾಳೆಗಿಡದ ಬುಡದಲ್ಲಿಟ್ಟು, ದಿನಾ ಅಲ್ಲೇ ಚೆಲ್ಲುತ್ತೀನಿ. ಬಾಳೆ ಮಾತ್ರ ಭಾರಿ ಖುಷಿಯಲ್ಲಿದೆ.

ಮೊಟ್ಟೆಯ ವಿಷಯ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗೋದಕ್ಕೆ 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪು ಕಟ್ಟೋದಕ್ಕೇ ಹೋಗುತ್ತೆ. ಹಾಗಾಗಿ ಇವತ್ತು ಎಂಟು ಗಂಟೆಗೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ ಇಡುತ್ತೆ, ನಾಡಿದ್ದು ಹತ್ತೂವರೆಗೆ. ಹೀಗೆ ಜಾರಿ ಜಾರಿ ಮಧ್ಯಾಹ್ನ ದಾಟಿದ ಮೇಲೆ ಒಂದು ದಿನ ರಜೆ ಹಾಕಿಬಿಡುತ್ತೆ. ಫಾರಂ ಲೇಯರ್ ಕೋಳಿ ವರ್ಷಕ್ಕೆ 300ರ ಆಸುಪಾಸು ಇಟ್ಟರೆ, ನಮ್ಮ ನಾಟಿ ಕೋಳಿ 60–80 ಇಟ್ಟರೆ ಹೆಚ್ಚು. ನಡುವೆ ಕಾವಿಗೆ ಕೂತರೆ ವಾರಗಟ್ಟಲೆ ಪ್ರೊಡಕ್ಷನ್ ಬಂದ್. ದುಡ್ಡಿನ ಲೆಕ್ಕದಲ್ಲಿ ಇದು ಗಿಟ್ಟಲ್ಲ, ಅಂಗಡಿ ಮೊಟ್ಟೆಯೇ ಅಗ್ಗ.

ಇನ್ನೊಂದು ಅನುಮಾನ ಬಹಳ ಜನಕ್ಕಿದೆ. ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡುತ್ತಾ? ಧಾರಾಳವಾಗಿ ಇಡುತ್ತೆ. ಮರಿ ಆಗಲ್ಲ, ಅಷ್ಟೇ. ನಾನು ಶುರು ಮಾಡಿದ್ದೇ ಹಾಗೆ. ಊರಿಂದ ಅಮ್ಮ ಮೂರು ಯಾಟೆ ಕೊಟ್ಟು ಕಳಿಸಿದ್ದಳು. ಅಕ್ಕಪಕ್ಕದ ಮನೆಯವರ ನಿದ್ದೆ ಯೋಚಿಸಿ ಹುಂಜ ಬೇಡ ಅಂದಿದ್ದೆ. ಎಂಟು ತಿಂಗಳು ಎಲ್ಲ ನೆಮ್ಮದಿಯಾಗಿತ್ತು. ಆಮೇಲೆ ಜನವರಿಯಲ್ಲಿ ಮೂರರಲ್ಲೊಂದು, ಕಪ್ಪು ಚುಕ್ಕಿಯದು, ಕಾವಿಗೆ ಕೂತಿತು.

ಕಾವಿಗೆ ಕೂತ ಕೋಳಿಯನ್ನು ನೋಡಿಲ್ಲದವರಿಗೆ ಅದರ ಹಟ ಹೇಳಿ ಅರ್ಥ ಮಾಡಿಸೋದು ಕಷ್ಟ. ಮೊಟ್ಟೆ ತೆಗೆದರೂ ಏಳಲ್ಲ, ಬರೀ ಹೊಟ್ಟಿನ ಮೇಲೆ ಕೂರುತ್ತೆ. ಎತ್ತಿ ಆಚೆ ಬಿಟ್ಟರೆ ಮೈಯೆಲ್ಲ ಉಬ್ಬಿಸಿಕೊಂಡು ಗೊರ್ರ್ ಅಂತ ಬೈಕೊಂಡು ವಾಪಸ್ ಬಂದು ಕೂರುತ್ತೆ. ಹೊಟ್ಟೆ ಕೆಳಗಿನ ಪುಕ್ಕ ಉದುರಿ, ಚರ್ಮ ಮುಟ್ಟಿದರೆ ಜ್ವರ ಬಂದ ಮಗುವಿನ ಹಾಗೆ ಬಿಸಿ. ಅಮ್ಮನಿಗೆ ಫೋನ್ ಮಾಡಿದೆ. "ಅದುನ್ನ ಯಾಕ್ಲಾ ಗೋಳಾಡುಸ್ತೀಯ? ಬಾ, ಮೊಟ್ಟೆ ಕೊಡ್ತೀನಿ" ಅಂದಳು.

ನಮ್ಮೂರು ಮಂಡ್ಯ ಜಿಲ್ಲೆಯಲ್ಲಿ, ನಾಲೆ ಬಯಲಿನಲ್ಲಿದೆ. ಭತ್ತದ ಕೊಯ್ಲು ಮುಗಿದ ಮೇಲೆ ನೂರಾರು ಬಾತುಗಳನ್ನು ಹೊಡ್ಕೊಂಡು ತಮಿಳುನಾಡು, ಆಂಧ್ರ ಕಡೆಯವರು ಬರ್ತಿದ್ರು. ಉದುರಿದ ಕಾಳು, ಹುಳ, ಬಸವನಹುಳು ಎಲ್ಲವನ್ನೂ ಬಾತುಗಳು ಹೆಕ್ಕಿ ತಿಂದು ಗದ್ದೆಗೆ ಗೊಬ್ಬರ ಬಿಟ್ಟು ಹೋಗ್ತಿದ್ವು. ನಾವು ಹುಡುಗರು ಬೆಳಗಿನ ಜಾವವೇ ಎದ್ದು, ಅವರು ಆಯ್ದು ಬಿಟ್ಟ ಮೊಟ್ಟೆ ಎಲ್ಲಾದರೂ ಸಿಗುತ್ತಾ ಅಂತ ಬದುಗಳ ಮೇಲೆ ಹುಡುಕ್ತಿದ್ವಿ. ಹೋದ ಜನವರಿಯಲ್ಲೂ ಅಂಥ ಒಂದು ಹಿಂಡು ಬಂದಿತ್ತು. ಅಮ್ಮ ಅವರ ಹತ್ತಿರ ನಾಲ್ಕು ಬಾತು ಮೊಟ್ಟೆ ಕೊಂಡಿದ್ದಳು. ಅದರ ಜೊತೆ ತನ್ನ ಕೋಳಿಗಳ ಏಳು ಮೊಟ್ಟೆ ರಾಗಿ ಡಬ್ಬಿಯಲ್ಲಿ ಹೂತು ಕೊಟ್ಟು, "ಬಾತುಂದು ಮೊದ್ಲು ಇಡು. ಎಂಟ್ನೇ ದಿನುಕ್ಕೆ ಕೋಳಿಮೊಟ್ಟೆ ಸೇರ್ಸು" ಅಂದಳು.

ಲೆಕ್ಕ ಸರಿಯಾಗಿದೆ. ಬಾತು ಮೊಟ್ಟೆಗೆ 28 ದಿನ ಕಾವು ಬೇಕು, ಕೋಳಿಮೊಟ್ಟೆಗೆ 21. ಒಟ್ಟಿಗೇ ಇಟ್ಟರೆ ಮೊದಲು ಒಡೆದ ಕೋಳಿಮರಿಗಳನ್ನು ಕರ್ಕೊಂಡು ತಾಯಿ ಎದ್ದು ಹೋಗುತ್ತೆ, ಬಾತು ಮೊಟ್ಟೆ ಅಲ್ಲೇ ತಣ್ಣಗಾಗುತ್ತೆ. ಏಳು ದಿನ ಹಿಂದು ಮುಂದು ಮಾಡಿದರೆ ಎಲ್ಲ ಒಂದೇ ದಿನ ಒಡೀತವೆ. ಓದು ಬರಹ ಬಾರದ ನಮ್ಮಮ್ಮ ಇಂಥ ಶೆಡ್ಯೂಲಿಂಗನ್ನು ಮಂಕರಿಯೊಳಗೆ ಮಾಡಿಕೊಂಡು ಬಂದಿದ್ದಾಳೆ, ಯಾವ ಚಾರ್ಟೂ ಇಲ್ಲದೆ.

ಮೂರು ಬಾತು, ಆರು ಕೋಳಿಮರಿ ಎದ್ದವು. ನಾಲ್ಕನೇ ದಿನಕ್ಕೆ ಟಬ್ಬಿನ ಹತ್ತಿರ ಹೋದ ಬಾತುಮರಿಗಳು ಯಾರ ಅಪ್ಪಣೆಯೂ ಇಲ್ಲದೆ ನೀರಿಗಿಳಿದವು. ತಾಯಿಕೋಳಿ ಟಬ್ಬಿನ ಸುತ್ತ ಓಡಿದ್ದೇ ಓಡಿದ್ದು, ಕೂಗಿದ್ದೇ ಕೂಗಿದ್ದು. ಅವು ಕೇಳಿಸಿದರೂ ಕೇಳಿಸದ ಹಾಗೆ ತೇಲ್ತಾ ಇದ್ದವು. ಬೆಂಗಳೂರಿಗೆ ಬಂದ ಹೊಸದರಲ್ಲಿ ದಿನಕ್ಕೆ ಮೂರು ಸಲ "ಉಂಡಾ?" ಅಂತ ಫೋನ್ ಮಾಡ್ತಿದ್ದ ಅಮ್ಮ ನೆನಪಾದಳು. ವಾರ ಕಳೆದ ಮೇಲೆ ಆ ಕೋಳಿ ಟಬ್ಬಿನ ಪಕ್ಕ ಸುಮ್ಮನೆ ಕೂತು, ಅವು ಹೊರಗೆ ಬರೋತನಕ ಕಾಯೋದು ಕಲಿತುಕೊಂಡಿತು.

ನನ್ನ ಆರು ವರ್ಷದ ಮಗಳು ಎಲ್ಲಕ್ಕೂ ಹೆಸರಿಟ್ಟಳು. ಬೋಂಡ, ಜಾಮೂನು, ಸ್ಪೈಡರ್, ಚುಕ್ಕಿ, ಗುಂಡಿ. ದಪ್ಪ ಕಾಲಿನ ಒಂದು ಮರಿ ಎಲ್ಲರನ್ನೂ ನಿಂತು ನೋಡ್ತಿತ್ತು ಅಂತ ಅದಕ್ಕೆ 'ಮಿಸ್' ಅಂತ ಅವಳ ಕ್ಲಾಸ್ ಟೀಚರ್ ಸ್ಥಾನ ಕೊಟ್ಟಳು. ಊರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದಾಗ ಅಮ್ಮ ಒಂದು ನಿಮಿಷ ದಿಟ್ಟಿಸಿ ನೋಡಿ, "ಅಯ್ಯೋ, ನಾಕು ಹುಂಜ ಕಣಪ್ಪ" ಅಂದಳು. ಮರಿಗಳಿಗೆ ಆಗಿನ್ನೂ ತಿಂಗಳು. ಕಾಲಿನ ದಪ್ಪ, ನಿಲ್ಲೋ ಠೀವಿ, ಜುಟ್ಟಿನ ಕೆಂಪು ಇಷ್ಟರಲ್ಲೇ ಹೇಳಿಬಿಟ್ಟಳು. ಬೋಂಡ, ಜಾಮೂನು, ಸ್ಪೈಡರ್ ಮತ್ತು ಮಿಸ್.

ಆರರಲ್ಲಿ ನಾಲ್ಕು ಬಂದದ್ದು ನನ್ನ ದುರದೃಷ್ಟ ಅಂದುಕೊಂಡರೂ, ಮೂರಂತೂ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಬೇಕು. ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಅಂದಹಾಗೆ ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅಂತ ತೀರ್ಮಾನ ಆಗೋದು ಅಪ್ಪನ ಕಡೆಯಿಂದ. ಹಕ್ಕಿಗಳಲ್ಲಿ ತಾಯಿ ಕಡೆಯಿಂದ. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯೋ ನಮ್ಮೂರಿನ ಅತ್ತೆಯರು ತಮ್ಮ ಹೇಂಟೆಯನ್ನು ಬೈದಿದ್ದರೆ ವಿಜ್ಞಾನವಾದರೂ ಒಪ್ಪುತ್ತಿತ್ತು.

ಊರಲ್ಲಿ ಹುಂಜ ಇಷ್ಟೊಂದು ದೊಡ್ಡ ಸಮಸ್ಯೆಯೇ ಆಗಿರಲಿಲ್ಲ. ಹನ್ನೆರಡು ಮರಿ ಎದ್ದರೆ ಹದ್ದಿಗೆರಡು, ಮುಂಗುಸಿಗೊಂದು, ಬೆಕ್ಕಿಗೊಂದು. ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು ಅಂದ್ರೆ ಇಡೀ ಕೇರಿಯ ಗೂಡು ಖಾಲಿ. ಪುಸ್ತಕದಲ್ಲಿ ಅದನ್ನೇ ರಾಣಿಖೇತ್ ಅಂತಾರೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಆ ಗುಡ್ಡಗಾಡಿನ ಊರಲ್ಲಿ ಗುರುತಿಸಿದ್ದಕ್ಕೆ ಆ ಹೆಸರು. ನಮ್ಮ ಹಿತ್ತಲಲ್ಲಿ ಮೇಲೆ ಬಲೆ, ಸುತ್ತ ಸಣ್ಣ ಕಣ್ಣಿನ ಜಾಲರಿ, ಜಾಲರಿ ಕೆಳಗೆ ಒಂದಡಿ ಮಣ್ಣಿನೊಳಗೆ ಹೂತ ಕಲ್ಲು. ಮೊದಲ ವಾರದಲ್ಲೇ ಲಸಿಕೆ, ಕಣ್ಣಿಗೆ ಒಂದೊಂದು ಹನಿ. ಎಂಟನೇ ವಾರಕ್ಕೆ ಇಂಜೆಕ್ಷನ್. ಒಂದೂ ಸಾಯಲಿಲ್ಲ. ನಾವು ಎಷ್ಟು ಚೆನ್ನಾಗಿ ಕಾಪಾಡ್ತೀವೋ ಅಷ್ಟು ಹುಂಜ ಉಳೀತವೆ.

ಬಂಡೀಪುರ, ನಾಗರಹೊಳೆ ರಸ್ತೆಯಲ್ಲಿ ಹೋಗುವಾಗ ಕಾಡುಕೋಳಿ ನೋಡಿರ್ತೀರಿ, ಬೂದು ಬಣ್ಣದ್ದು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಕೋಳಿಗಳ ಹಳದಿ ಕಾಲಿನ ಗುಣ ಬಂದಿರೋದು ನಮ್ಮ ಕಡೆಯ ಈ ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕಾಡಿನಲ್ಲಿ ಸೋತ ಹುಂಜ ಬೇರೆ ಪೊದೆ ನೋಡಿಕೊಂಡು ಹೋಗುತ್ತೆ. ಮೂವತ್ತು-ನಲವತ್ತು ಸೈಟಿನ ಹಿತ್ತಲಲ್ಲಿ ಅದು ಎಲ್ಲಿಗೆ ಹೋಗಬೇಕು?

ಐದನೇ ತಿಂಗಳಿಗೆ ಶುರುವಾಯಿತು. ಮೊದಲು ಕೂಗು. ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಸ್ಪೈಡರ್, ಅವನ ಹಿಂದೆ ಬೋಂಡ, ಆಮೇಲೆ ಉಳಿದಿಬ್ಬರು. ದಿನಾ ಅದೇ ಸರದಿ. ಇದು ಸುಮ್ಮನೆ ಅಲ್ಲವಂತೆ. ಹುಂಜದ ಮೈಯೊಳಗೇ ಗಡಿಯಾರ ಇದೆ, ಬೆಳಕು ಬರೋದಕ್ಕೆ ಮುಂಚೆಯೇ ಕೂಗುತ್ತೆ ಅಂತ ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಗುಂಪಿನ ಯಜಮಾನನೇ ಮೊದಲು ಕೂಗಬೇಕು, ಉಳಿದವು ಅಂತಸ್ತಿನ ಪ್ರಕಾರ ಅಂತ 2015ರಲ್ಲಿ ಹೇಳಿದರು. ತನ್ನ ಹುಂಜ ಕೂಗದಿದ್ರೆ ಊರಿಗೆ ಬೆಳಗೇ ಆಗಲ್ಲ ಅಂದ್ಕೊಂಡ ನಮ್ಮ ಕಥೆಯ ಅಜ್ಜಿಗೆ ಅಹಂಕಾರ ಇತ್ತು, ನಿಜ. ಆದರೆ ಆ ಹುಂಜಕ್ಕೂ ಸ್ವಲ್ಪ ಇದ್ದಿರಬೇಕು.

ಪಕ್ಕದ ಮನೆಯವರು ಒಳ್ಳೆಯವರು. ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಮುಗಿಸಿ ಮೂರೂವರೆಗೆ ಮಲಗ್ತಾರೆ. "ಸರ್, ನಿಮ್ಮ ಅಲಾರಂಗೆ ಸ್ನೂಜ್ ಇಲ್ವಾ?" ಅಂತ ನಗುವ ಎಮೋಜಿ ಹಾಕಿ ಮೆಸೇಜ್ ಮಾಡಿದರು. ಎರಡನೇ ವಾರ ಎಮೋಜಿ ಇರಲಿಲ್ಲ.

ಆಮೇಲೆ ಜಗಳ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಮ್ಮಲ್ಲಿ ಐದು ಹೇಂಟೆಗೆ ನಾಲ್ಕು. ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು ಬೋಳಾಯಿತು. ಕಾವು ಕೊಟ್ಟು ಇವನ್ನು ಸಾಕಿದ ಆ ಚುಕ್ಕಿಕೋಳಿ ಹಗಲೆಲ್ಲ ಗೂಡಿನ ಮೂಲೆಯಲ್ಲಿ ಅಡಗಿ ಕೂರೋದಕ್ಕೆ ಶುರು ಮಾಡಿತು. ಹುಂಜಗಳ ಜುಟ್ಟಿನಲ್ಲಿ ದಿನಾ ರಕ್ತ. ಬಾತುಗಳ ಮನೆಯಲ್ಲಿ ಮಾತ್ರ ಶಾಂತಿ. ಅಲ್ಲಿ ಗಂಡು ಒಂದೇ; ಬಾಲದ ಮೇಲೆ ಸುರುಳಿ ಪುಕ್ಕ ಬಂದಾಗ ಗೊತ್ತಾಯಿತು. ಬಾತುಗಳಲ್ಲಿ ಗಲಾಟೆ ಮಾಡೋದು ಹೆಣ್ಣು, ಗಂಡಿನದು ಗಂಟಲು ಕಟ್ಟಿದವರ ದನಿ.

ಈಗ ನಾಲ್ಕನೇ ಪ್ರಶ್ನೆಗೆ ಉತ್ತರ ಹುಡುಕಬೇಕಿತ್ತು. ಲೇಔಟ್ ಗ್ರೂಪಿನಲ್ಲಿ ಹೆಂಡತಿ ಹಾಕಿದಳು: "ಪ್ರೀತಿಯಿಂದ ಸಾಕುವವರಿಗೆ ಮೂರು ಹುಂಜ ಉಚಿತ." ಹತ್ತು ನಿಮಿಷಕ್ಕೆ ಒಬ್ಬರು ಫೋನ್ ಮಾಡಿ ಮೊದಲ ಮಾತಿಗೇ ಕೇಳಿದರು: "ಒಂದೊಂದು ಎಷ್ಟು ಕೆಜಿ ಬರಬಹುದು ಮೇಡಂ?" ಕೋಳಿ ಕೇಳಿ ಖಾರ ಅರೀತಾರಾ ಅನ್ನೋ ಗಾದೆ ಇದೆಯಲ್ಲ, ಇವರು ಕೋಳಿ ಸಿಗೋಕೆ ಮುಂಚೆಯೇ ಅರೆದಿಟ್ಟುಕೊಂಡಿದ್ದರು. ಅವರದ್ದು ತಪ್ಪಲ್ಲ. 'ಪ್ರೀತಿಯಿಂದ ಸಾಕುವವರು' ಅನ್ನೋ ಮಾತಿನ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಕಣ್ಣಿಗೆ ಕಾಣದಿದ್ರೆ ಸಾಕು ಅನ್ನೋದೇ ಅದರ ಅರ್ಥ.

ಮರಿಯೇ ಮಾಡಿಸದೆ, ಬೆಳೆದ ಯಾಟೆಗಳನ್ನು ಮಾತ್ರ ಕೊಂಡರೆ ಆಯ್ತಲ್ಲ ಅಂತ ನೀವು ಕೇಳಬಹುದು. ಕೊಳ್ಳಬಹುದು, ಸಿಗುತ್ತವೆ. ಆದರೆ ಪ್ರತಿ ಯಾಟೆಗೂ ಲೆಕ್ಕಕ್ಕೆ ಒಬ್ಬ ಅಣ್ಣನೋ ತಮ್ಮನೋ ಇದ್ದೇ ಇರ್ತಾನೆ. ಅವನ ವಿಷಯ ನಮ್ಮ ಬದಲು ಬೇರೆ ಯಾರೋ ನೋಡಿಕೊಂಡಿರ್ತಾರೆ. ಅಂಗಡಿ ಮೊಟ್ಟೆಯಲ್ಲೂ ಅಷ್ಟೇ. ಮೊಟ್ಟೆಗೆಂದು ಬೆಳೆಸಿದ ಲೇಯರ್ ತಳಿಯ ಗಂಡುಮರಿ ಮೊಟ್ಟೆ ಇಡಲ್ಲ, ಬ್ರಾಯ್ಲರ್ ಹಾಗೆ ಆರು ವಾರದಲ್ಲಿ ಮೈ ತುಂಬಿಕೊಳ್ಳಲ್ಲ. ಮೇವಿನ ದುಡ್ಡೂ ಹುಟ್ಟಲ್ಲ. ಹಾಗಾಗಿ ಜಗತ್ತಿನ ಬಹುಪಾಲು ಹ್ಯಾಚರಿಗಳಲ್ಲಿ ಅವನ್ನು ಹುಟ್ಟಿದ ದಿನವೇ ಆರಿಸಿ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಅಲ್ಲೀಗ ಮೊಟ್ಟೆಯೊಳಗಿರುವಾಗಲೇ ಗಂಡೋ ಹೆಣ್ಣೋ ನೋಡೋ ಯಂತ್ರಗಳಿವೆ. ನಮ್ಮ ಜಾತ್ರೆಗಳಲ್ಲಿ, ಸ್ಕೂಲು ಬಿಡೋ ಹೊತ್ತಿಗೆ ಗೇಟಿನ ಮುಂದೆ ಗುಲಾಬಿ, ಹಸಿರು ಬಣ್ಣ ಅದ್ದಿ ಮಾರುವ ಮರಿಗಳಿವೆಯಲ್ಲ, ಅವು ಹೆಚ್ಚಾಗಿ ಇದೇ ಬೇಡವಾದ ಗಂಡುಗಳು. ಎಂಟನೇ ಕ್ಲಾಸಲ್ಲಿ ನಾನೂ ಒಂದು ಹಸಿರು ಮರಿ ತಂದಿದ್ದೆ, ಮೂರು ದಿನ ಬದುಕಿತ್ತು.

ಹೀಗೆ ಯೋಚಿಸ್ತಾ ಹೋದಾಗ ಅಮ್ಮನ ರೀತಿಯೇ ನೇರ ಅನ್ನಿಸಿತು. ನಮ್ಮ ಕಡೆ ಹಸು, ಗದ್ದೆ ಗಂಡಸರ ಲೆಕ್ಕ. ಕೋಳಿ ದುಡ್ಡು ಹೆಂಗಸರದ್ದು. ನನ್ನ ಪಿಯುಸಿ ಫೀಸಿಗೆ ಎರಡು ಹುಂಜ ಹೋಗಿವೆ. ಬಿಇ ಸೇರಿದಾಗ ಸೂಟ್‌ಕೇಸ್ ಬಂದದ್ದೂ ಹುಂಜದಿಂದಲೇ. ಅಮ್ಮ ಯಾವ ಕೋಳಿಗೂ ಹೆಸರಿಡಲಿಲ್ಲ. ಆದರೆ ಇಪ್ಪತ್ತು ಕೋಳಿಯಲ್ಲಿ ಒಂದು ಕಾಣದಿದ್ರೆ ಸಂಜೆ ಟಾರ್ಚ್ ಹಿಡಿದು ಹುಲ್ಲುಮೆದೆ ಸುತ್ತ ಹುಡುಕೋಳು. ಕುಯ್ಯೋದಕ್ಕೆ ಕೊಡೋ ಮುಂಚೆ ಹುಂಜಕ್ಕೆ ಅಂಗೈಯಲ್ಲಿ ನೀರು ಕುಡಿಸೋಳು. ಕೊಟ್ಟ ಮೇಲೆ ಅಲ್ಲಿ ನಿಲ್ಲದೆ ಹಿಂದಿನ ಬಾಗಿಲಿಗೆ ಹೋಗಿ ಪಾತ್ರೆ ತೊಳೆಯೋಳು.

ಫೋನ್ ಮಾಡಿದೆ. "ತಗಬಾ. ಪಿತೃಪಕ್ಷ ಬತ್ತಾ ಅದೆ. ನಿಮ್ಮಪ್ಪುನ್ ಎಡೆಗೆ ಒಂದು ಬೇಕು" ಅಂದಳು. ಸ್ವಲ್ಪ ತಡೆದು, "ಮಗೀಗೆ ಹೇಳಿ ಕರ್ಕಬಾ. ಕದ್ದು ಮುಚ್ಚಿ ಮಾಡಬ್ಯಾಡ" ಅಂತ ಸೇರಿಸಿದಳು.

ಮಗಳಿಗೆ ಹೇಳಿದೆ. ನಾಲ್ಕರಲ್ಲಿ ಒಂದು ಇಲ್ಲೇ ಇರುತ್ತೆ, ಮೂರು ಅಜ್ಜಿ ಮನೆಗೆ ಹೋಗ್ತವೆ, ಅದರಲ್ಲಿ ಒಂದನ್ನು ತಾತನ ಎಡೆಗೆ ಕುಯ್ತಾರೆ. ಅತ್ತಳು. ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಬಂದು, "ಮಿಸ್ ಇಲ್ಲಿರಲಿ. ಅವನು ಹೇಂಟೆಗಳಿಗೆ ಕಚ್ಚಲ್ಲ" ಅಂದಳು. ಅದು ನಾನೂ ಗಮನಿಸಿದ್ದೆ. ಹುಳ ಸಿಕ್ಕಿದರೆ ತಾನು ತಿನ್ನದೆ ಕುಕ್ ಕುಕ್ ಅಂತ ಹೇಂಟೆಗಳನ್ನು ಕರೀತಿದ್ದ.

ಊರಲ್ಲಿ ಅಮ್ಮ ಮೂರನ್ನೂ ಕೈಯಲ್ಲೆತ್ತಿ ತೂಗಿ ನೋಡಿದಳು. ಅವಳ ಹಳೇ ಹುಂಜಕ್ಕೆ ವಯಸ್ಸಾಗಿತ್ತು, ಸ್ಪೈಡರ್ ಅದರ ಜಾಗಕ್ಕೆ ಉಳಿದ. ಜಾಮೂನನ್ನು ಪಕ್ಕದೂರಿನವರು 600 ರೂಪಾಯಿಗೆ ಕೊಂಡರು. ಅಮ್ಮ ದುಡ್ಡನ್ನು ಮೊಮ್ಮಗಳ ಕೈಗಿಟ್ಟು "ಸಾಕ್ದೋಳು ನೀನು, ನಿಂದೇ" ಅಂದಳು. ಎಡೆಗೆ ಬೋಂಡ. ಅಮ್ಮ ನೀರು ಕುಡಿಸೋಕೆ ಕೂತಾಗ ಮಗಳು ತಾನೇ ಒಳಗಿಂದ ಚೊಂಬು ತಂದುಕೊಟ್ಟಳು. ಆಮೇಲೆ ಅತ್ತೆ ಮಕ್ಕಳ ಜೊತೆ ನಾಲೆ ಕಡೆ ಹೋದಳು.

ಅಪ್ಪ ತೀರಿಕೊಂಡು ಮೂರು ವರ್ಷ. ಎಡೆಯಲ್ಲಿ ಅವನಿಗಿಷ್ಟವಾದ ನಾಟಿ ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಹೊಸ ಟವೆಲ್. ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಜ್ಜಿ, ಇದು ಬೋಂಡನಾ?" "ಹೂಂ ಕಣವ್ವ" ಅಂದಳು ಅಮ್ಮ, ಬೇರೇನೂ ಸೇರಿಸದೆ. ಮಗಳು ಅವರೆಕಾಳು ಸಾರಿನಲ್ಲಿ ಮುದ್ದೆ ತಿಂದಳು. ನಾನು ಕೋಳಿ ಸಾರಿನಲ್ಲಿ ತಿಂದೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಅವಳು ಈಗಲೂ ಮೊಟ್ಟೆ ತಿಂತಾಳೆ, ಕೋಳಿ ತಿನ್ನಲ್ಲ. ಮುಂದೆ ಏನೋ, ಅದು ಅವಳ ಲೆಕ್ಕ.

ಮಿಸ್‌ನ ಕೂಗಿಗೂ ಒಂದು ದಾರಿ ಸಿಕ್ಕಿದೆ. ಹುಂಜ ಕೂಗಬೇಕಾದ್ರೆ ಕತ್ತು ಪೂರ್ತಿ ಮೇಲೆತ್ತಬೇಕು. ರಾತ್ರಿ ತಗ್ಗು ಚಾವಣಿಯ, ಗಾಳಿಯಾಡುವ, ಕತ್ತಲ ಡಬ್ಬದಲ್ಲಿ ಮಲಗಿಸಿ ಆರೂವರೆಗೆ ತೆಗೀತೀನಿ. ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ. ಪಕ್ಕದ ಮನೆಗೆ ವಾರಕ್ಕೆ ಆರು ಮೊಟ್ಟೆ ಹೋಗುತ್ತವೆ. ಎಮೋಜಿ ವಾಪಸ್ ಬಂದಿದೆ.

ಚುಕ್ಕಿಕೋಳಿ ಹೋದ ವಾರ ಮತ್ತೆ ಕಾವಿಗೆ ಕೂತಿತು. ಹನ್ನೊಂದು ಮೊಟ್ಟೆ ತಡೆಯೋ ಕೋಳಿ ಅದು. ಎಷ್ಟಿಡೋಣ ಅಂತ ಮಗಳನ್ನೇ ಕೇಳಿದೆ. ಅವಳು ಬೆರಳು ಮಡಚಿ ಮಡಚಿ ಎಣಿಸಿ, "ನಾಲ್ಕು ಸಾಕಪ್ಪ" ಅಂದಳು. ನಾಲ್ಕು ಇಟ್ಟಿದೀವಿ. ಎರಡು ಹುಂಜ ಆಗಬಹುದು ಅಂತ ಅಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿದೀನಿ.